ಮೊದಲು ಮುಟ್ಟಿದವರು

ಪುಷ್ಯ ಮಾಸದ ಒಂದು ಬೆಳಿಗ್ಗೆ, ಆದೋನಿಯ ಸಾವುಕಾರ ಮರಿಬಸಪ್ಪನ, ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನ ಅಂಗಳದಲ್ಲಿ, ದೇವರ ತಾಟಿನಿಂದ ಉರುಕುಂದಮ್ಮನ ಬೆರಳಿಗೆ ಕಿಡಿ ಹಾರಿತು. ಆದ್ದರಿಂದ ಜಿನ್ನಿಗೆ ಬೆಂಕಿ ಹಚ್ಚಿದವಳು ಆಕೆಯೇ ಎಂದು ತೀರ್ಮಾನಿಸಿ ಆಕೆಯನ್ನು ಗೇಟಿನ ಹೊರಗೆ ಹಾಕಿದರು.

ಉರುಕುಂದಮ್ಮನ ಹಿಂದೆಯೇ ನಿಂತಿದ್ದವಳು ಲಿಂಗಕ್ಕ. ಇಬ್ಬರೂ ಅಕ್ಕಪಕ್ಕದ ಯಂತ್ರಗಳಿಗೆ ಹತ್ತಿ ಉಣಿಸುವವರು. ಉರುಕುಂದಮ್ಮ ಆಕೆಗೆ ಚಿಗವ್ವ, ತಾಯಿಯ ತಂಗಿ. ತಾಯಿ ಸತ್ತ ಮೇಲೆ ಲಿಂಗಕ್ಕನ ತಲೆ ಬಾಚಿದ್ದು, ಮದುವೆ ಮಾಡಿದ್ದು, ಗಂಡ ಬಿಟ್ಟುಹೋದಾಗ ಕೈಹಿಡಿದು ಜಿನ್ನಿಗೆ ಕರೆತಂದದ್ದು, ಎಲ್ಲ ಆಕೆಯೇ. ಆದರೂ ಆ ಕಿಡಿ ಕಣ್ಣಾರೆ ಕಂಡ ಗಳಿಗೆಯಲ್ಲಿ ಲಿಂಗಕ್ಕನ ಎದೆಯೊಳಗೆ, ‘ಹಂಗಾರ ಚಿಗವ್ವನ ಹಚ್ಚಿದಳೇನು?’ ಎಂಬ ಒಂದು ಮಾತು ಸುಳಿದುಹೋಯಿತು. ಕುರಿ ಸಾಕುವ ಮನೆತನದಲ್ಲಿ ಹುಟ್ಟಿದವರಿಗೆ ಕಂಬಳಿಯೇ ದೇವರ ಗದ್ದುಗೆ. ಕಂಬಳಿಯ ಮೇಲೆ ಭಂಡಾರದ, ಎಂದರೆ ದೇವರ ಅರಿಶಿನದ, ತಾಟಿಟ್ಟು ಆಣೆ ಮಾಡುವಾಗ ಸುಳ್ಳು ಹೇಳಿದವರಿಗೆ ಕುಲದೇವರು ಬೀರಪ್ಪ ಕಿಡಿ ಹಾರಿಸುತ್ತಾನೆಂಬ ಮಾತನ್ನು ಆಕೆ ಮೊಲೆಹಾಲಿನ ಜೊತೆ ಕುಡಿದಿದ್ದಳು.

ಎರಡನೇ ಮಹಾಯುದ್ಧ ಶುರುವಾದ ಮರುವರ್ಷ ಅದು. ಆ ಸಲದ ಚಳಿಗಾಲ ಎಷ್ಟು ಒಣಗಿತ್ತೆಂದರೆ ತುಟಿ ಒಡೆದು ರಕ್ತ ಬರುತ್ತಿತ್ತು. ಜಿನ್ನಿನೊಳಗೆ ಇಂಜಿನ್ನಿನಿಂದ ಯಂತ್ರಗಳವರೆಗೆ ಉದ್ದಕ್ಕೂ ಓಡುವ ತೊಗಲಿನ ಪಟ್ಟಾ ಇತ್ತಲ್ಲ, ಅದರ ಹತ್ತಿರ ಹೋದ ಹೆಂಗಸರ ತಲೆಗೂದಲು ಎದ್ದು ನಿಲ್ಲುತ್ತಿತ್ತು. ಹಾರಾಡುವ ಹತ್ತಿಯ ಎಳೆಗಳು ಬಂದು ಮುಂಗೈಗೆ ಅಂಟಿಕೊಳ್ಳುತ್ತಿದ್ದವು. ಪಟ್ಟಾ ನೋಡಿಕೊಳ್ಳುವ ಪಂಪಣ್ಣ ಅದರ ಕೆಳಗೆ ತಾಮ್ರದ ತಂತಿಯ ಬಾಚಣಿಕೆಯೊಂದನ್ನು ಕಟ್ಟಿ, ಅದರ ತುದಿಯನ್ನು ನೆಲದೊಳಗೆ ಹೂತಿದ್ದ. ಅದಕ್ಕೆ ಹತ್ತಿ ಸಿಕ್ಕಿಕೊಳ್ಳುತ್ತಿತ್ತು. ದಿನಕ್ಕೆ ಎರಡು ಸಲ ಇಂಜಿನ್ನು ನಿಲ್ಲಿಸಿ ಬಿಡಿಸಬೇಕಾಗುತ್ತಿತ್ತು. ಸಾವುಕಾರ ಕಿತ್ತುಹಾಕೆಂದ. ಮೇಸ್ತ್ರಿ ಭೀಮಲಿಂಗಪ್ಪ ಕಿತ್ತುಹಾಕಿದ. ಆರನೇ ದಿನಕ್ಕೆ ಬೆಂಕಿ ಬಿತ್ತು.

ಲಿಂಗಕ್ಕ ಅದನ್ನು ನೋಡಿದ್ದಳು. ಪಟ್ಟಾದಿಂದ ಕಬ್ಬಿಣದ ಚೌಕಟ್ಟಿಗೆ ನೀಲಿಯಾಗಿ ಏನೋ ಜಿಗಿದಿತ್ತು; ಮರುಗಳಿಗೆಯಲ್ಲೇ ಅಲ್ಲಿದ್ದ ಹತ್ತಿ ಭಗ್ಗೆಂದಿತ್ತು. ಉರುಕುಂದಮ್ಮ ಗೋಣಿಚೀಲ ಹಿಡಿದು ಬಡಿಯಲು ಹೋಗಿ ಮುಂಗೈ ಸುಟ್ಟುಕೊಂಡಳು. ಬೆಂಕಿ ಆರಿಸಿದವಳ ಮೇಲೆಯೇ ಬೆಂಕಿಯ ಅಪವಾದ ಬಂತು, ಯಾಕೆಂದರೆ ಆಕೆ ಬೀಡಿ ಸೇದುವವಳು. ದಿನಾಲೂ ಬೀಡಿಕಟ್ಟನ್ನು ಗೇಟಿನ ಕಾವಲುಗಾರನ ಕೈಗೆ ಕೊಟ್ಟೇ ಒಳಗೆ ಬರುತ್ತಿದ್ದಳೆಂಬುದು ಎಲ್ಲರಿಗೂ ಗೊತ್ತಿತ್ತು, ಕಾವಲುಗಾರನೊಬ್ಬನನ್ನು ಬಿಟ್ಟು. ಅವನು ಸಾವುಕಾರನ ಮುಂದೆ ಮರೆತುಬಿಟ್ಟ.

ಮರಿಬಸಪ್ಪ ಜಾಣ. ಪೊಲೀಸರನ್ನು ಕರೆಯಲಿಲ್ಲ, ಪೆದ್ದಹರಿವಾಣದಿಂದ ಬೀರಪ್ಪನ ಪೂಜಾರಿ ಮಲ್ಲಯ್ಯನನ್ನು ಕರೆಸಿದ. “ನಿಮ್ಮ ದೇವರು, ನಿಮ್ಮ ಕಂಬಳಿ, ನೀವ ತೀರ್ಮಾನ ಮಾಡಕೊಳ್ರಿ,” ಎಂದ. ಪಟ್ಟಾದ ಹತ್ತಿರ ಕೆಲಸ ಮಾಡುತ್ತಿದ್ದ ಐದು ಮಂದಿ ಹೆಂಗಸರು ‘ಬೆಂಕಿ ನಾ ಹಚ್ಚಿಲ್ಲ’ ಎಂದು ತಾಟು ಮುಟ್ಟಬೇಕಾಗಿತ್ತು. ಹಿರಿಯಳೆಂಬ ಮರ್ಯಾದೆಗೆ ಉರುಕುಂದಮ್ಮನನ್ನು ಮೊದಲು ಕರೆದರು. ಆಮೇಲೆ ಉಳಿದ ನಾಲ್ವರೂ ಮುಟ್ಟಿದರು, ಯಾರಿಗೂ ಕಿಡಿ ಹಾರಲಿಲ್ಲ.

ಗೇಟಿನ ಹೊರಗೆ ಹಾಕಿದ್ದು ಸಾವುಕಾರ. ಕೇರಿಯ ಹೊರಗೆ ಹಾಕಿದ್ದು ಆಕೆಯ ಕುಲದವರೇ. ದೇವರು ಸುಳ್ಳಿಯೆಂದವಳು ಬಾವಿಗೆ ಕೊಡ ಇಳಿಸಬಾರದೆಂದರು. ಬೇರೆ ಜಿನ್ನಿನವರು ಆಕೆಯ ಮುಖ ನೋಡುತ್ತಲೇ ಕೈಯಾಡಿಸಿ ಕಳಿಸಿದರು. ಮೂರನೇ ದಿನ ಲಿಂಗಕ್ಕ ಒಂದು ಕೊಡ ನೀರು ಒಯ್ದು ಇಳಿಸಿದಾಗ ಉರುಕುಂದಮ್ಮ ಕೇಳಿದ್ದು ಒಂದೇ:

“ನೀನೂ ನಂಬಿದೇನಬೇ?”

ಲಿಂಗಕ್ಕ ಅಲ್ಲಿಂದ ನೇರ ಪಂಪಣ್ಣನ ಮನೆಗೆ ಹೋದಳು.

ಪಂಪಣ್ಣ ಸಂಜೆ ಹೊತ್ತು ಟೇಶನ್ ರಸ್ತೆಯ ವಾಚನಾಲಯದಲ್ಲಿ ಕೂತು ತೆಲುಗು ಪುಸ್ತಕ ಓದುವವನು. ಹತ್ತು ಮಂದಿಗೆ ಕನ್ನಡದಲ್ಲಿ ಬಿಡಿಸಿ ಹೇಳುವವನು. ಪಟ್ಟಾದಲ್ಲಿ ಕಂಡ ನೀಲಿ, ತಾಟಿನಲ್ಲಿ ಕಂಡ ಕಿಡಿ ಎರಡನ್ನೂ ಆಕೆ ಹೇಳಿದ್ದು ಕೇಳಿ ಮೊದಲು ನಕ್ಕ, ಆಮೇಲೆ ನಗು ನಿಲ್ಲಿಸಿದ.

“ಅಕ್ಕಾ, ಪಟ್ಟಾದಾಗಿನ ಕಿಡಿ, ಕಂಬಳಿ ಕಿಡಿ, ಎರಡೂ ಒಂದ. ಅದು ನಿಂತ ಕರೆಂಟು.”

“ಕರೆಂಟಿಗೆ ಕಾಲೆಲ್ಲಿ ಬಂದ್ವೋ ನಿಲ್ಲಾಕ?”

“ಕಾಲಿಲ್ಲ, ಅದಕ್ಕ ನಿಂತೈತಿ! ಕೇಳಿಲ್ಲಿ. ಎರಡು ಸಾಮಾನು ಒಂದಕ್ಕೊಂದು ತಿಕ್ಕಿದ್ರ ಒಂದರ ಮೈಯಾಗಿಂದು ಸ್ವಲ್ಪ ಇನ್ನೊಂದಕ್ಕ ಹೊಕ್ಕೈತಿ. ಒಂದರಾಗ ಹೆಚ್ಚಾತು, ಒಂದರಾಗ ಕಮ್ಮಿ ಆತು. ಹೆಚ್ಚಿನದಕ್ಕೂ ಕಮ್ಮಿದಕ್ಕೂ ಸೆಳೆತ. ಹೆಚ್ಚು ಹೆಚ್ಚು ಎದುರಾದ್ರ ತಳ್ಳತಾವ, ಕಮ್ಮಿ ಕಮ್ಮಿ ಎದುರಾದ್ರೂ ತಳ್ಳತಾವ. ಒಂದ ಜಾತಿವು ದೂರ, ಬ್ಯಾರೆ ಜಾತಿವು ಹತ್ರ.”

“ಹಂಗಾರ ಅದು ನಮ್ಮೂರಿಂದಲ್ಲ ಬಿಡು,” ಎಂದಳು ಲಿಂಗಕ್ಕ.

ಪಂಪಣ್ಣ ತೊಡೆ ತಟ್ಟಿ ನಕ್ಕ. “ಉಣ್ಣಿ, ತೊಗಲು, ಒಣ ಕಟಿಗಿ, ಇವು ಅದನ್ನ ಹಿಡಕೊಂಡು ಕುಂದರತಾವ, ಬಿಡಂಗಿಲ್ಲ. ಹಿತ್ತಾಳಿ, ತಾಮ್ರ, ಕಬ್ಬಿಣದಾಗ ಓಡಾಡತೈತಿ. ನಮ್ಮ ಮೈಯಾಗೂ ಓಡತೈತಿ. ನೆಲಕ್ಕ ದಾರಿ ಸಿಕ್ಕರ ಸುಮ್ಮನ ಇಳದು ಹೊಕ್ಕೈತಿ. ನಾ ತಂತಿ ಕಟ್ಟಿದ್ದು ಅದಕ್ಕ. ದಾರಿ ಇಲ್ಲಂದ್ರ ಒಟ್ಟಾಗಿ, ಒಟ್ಟಾಗಿ, ಒಮ್ಮೆ ಜಿಗೀತೈತಿ. ಜಿಗಿಯೂದ ಕಿಡಿ. ಮಳಿಗಾಲದಾಗ ಹಸಿ ಗಾಳಿ ಅದನ್ನ ಇಳಿಸಿಬಿಡತೈತಿ. ಚಳಿಗಾಲ ಒಣ ಅಲ್ಲೇನು? ನಿಲ್ಲತೈತಿ.”

“ಮತ್ತ ನನಗ ಯಾಕ ಹಾರಲಿಲ್ಲ? ಅದ ತಾಟು ನಾನೂ ಮುಟ್ಟೀನಲ್ಲ?”

ಪಂಪಣ್ಣನ ಪುಸ್ತಕದಲ್ಲಿ ಗಾಜಿನ ಕೋಲು, ರೇಷ್ಮೆ ಬಟ್ಟೆ, ಕಾಗದದ ಚೂರು ಇದ್ದವೇ ಹೊರತು ಬೀರಪ್ಪನ ತಾಟು ಇರಲಿಲ್ಲ.

ಮರುದಿನ ವಾರದ ರಜೆ. ನೆತ್ತಿಯ ಮೇಲೆ ಬಿಸಿಲಿರುವಾಗ ಲಿಂಗಕ್ಕ ಪಂಪಣ್ಣನನ್ನು ಕರೆಸಿ ಮನೆಯಲ್ಲಿ ಹಲಗೆ ಹಾಕಿದಳು, ಅದರ ಮೇಲೆ ಕಂಬಳಿ ಹಾಸಿದಳು. ಮಲ್ಲಯ್ಯ ಮಾಡಿದಂತೆಯೇ ಒಣಬಟ್ಟೆಯಿಂದ ಕಂಬಳಿಯನ್ನು ಗಸಗಸ ಒರೆಸಿ ಊಟದ ಹಿತ್ತಾಳೆ ತಾಟನ್ನಿಟ್ಟು ಮುಟ್ಟಿದಳು. ಏನೂ ಇಲ್ಲ. ಮತ್ತೆ ಒರೆಸಿದಳು, ಇಟ್ಟಳು, ಮುಟ್ಟಿದಳು. ತಾಟು ತಣ್ಣಗೆ ಕೂತಿತ್ತು. ಪಂಪಣ್ಣ ತಲೆ ಕೆರೆದುಕೊಂಡ. “ಪುಸ್ತಕ ಸುಳ್ಳಾತೇನೋ?” ಎಂದಳು. ಪುಸ್ತಕ ಸುಳ್ಳಾದರೆ ಚಿಗವ್ವ ಸುಳ್ಳಿ.

ಆಗ ನೆನಪಾಯಿತು. ಪೂಜಾರಿ ದೇವರ ತಾಟನ್ನು ಬರಿಗೈಯಲ್ಲಿ ಹಿಡಿಯುವುದಿಲ್ಲ! ಕಂಬಳಿಯ ತುಂಡೊಂದನ್ನು ಮಡಚಿ, ಅದರಲ್ಲೇ ಹಿಡಿದು ಇಡುತ್ತಾನೆ. ಅದು ಮಡಿ.

ಲಿಂಗಕ್ಕ ಹಳೆಯ ಕಂಬಳಿಯ ಅಂಚು ಹರಿದಳು. ಅದರಲ್ಲಿ ತಾಟು ಹಿಡಿದು ಇಟ್ಟು ಬೆರಳು ಚಾಚಿದಳು. ಚಟ್ ಎಂದಿತು. ಸೂಜಿ ಚುಚ್ಚಿದಂತೆ ನೋವಾಯಿತು. ಆಕೆ ಕೈ ಜಾಡಿಸುತ್ತಲೇ, “ಈಗ ನೀ ಮುಟ್ಟು!” ಎಂದು ಕೂಗಿದಳು.

ಪಂಪಣ್ಣ ಮುಟ್ಟಿದ. ಏನೂ ಆಗಲಿಲ್ಲ.

ಹತ್ತು ಸಲ ಮಾಡಿದರು. ಒಮ್ಮೆ ಆಕೆ ಮೊದಲು, ಒಮ್ಮೆ ಅವನು ಮೊದಲು. ಮೊದಲು ಮುಟ್ಟಿದವರಿಗೆ ಕಿಡಿ, ಎರಡನೆಯವರಿಗೆ ಇಲ್ಲ. ಲಿಂಗಕ್ಕ ಬೇಕೆಂದೇ, “ನನ್ನ ಹೆಸರು ಲಿಂಗಕ್ಕ,” ಎಂದು ಸತ್ಯ ಹೇಳಿ ಮುಟ್ಟಿದಳು, ಕಿಡಿ. “ನಾನು ಮದ್ರಾಸಿನ ಗೌರ್ನರ್,” ಎಂದು ಪಂಪಣ್ಣ ಎರಡನೆಯವನಾಗಿ ಮುಟ್ಟಿದ, ಕಿಡಿಯಿಲ್ಲ. ಕಂಬಳಿಗೆ ನೀರು ಚಿಮುಕಿಸಿದ ಮೇಲೆ ಯಾರಿಗೂ ಇಲ್ಲ.

“ನೋಡು, ಮೊದಲನೇ ಬೆರಳಿನಿಂದ ನೆಲಕ್ಕ ದಾರಿ ಆಗಿಬಿಡತೈತಿ,” ಎಂದ ಪಂಪಣ್ಣ. “ಬರಿಗೈಲೆ ಇಟ್ಟಾಗ ಇಡೋ ಕೈಯ ದಾರಿ ಆಗತಿತ್ತು.”

ಲಿಂಗಕ್ಕ ತಾಟಿನ ಮುಂದೆ ಕೂತು ಅತ್ತಳು. ಹಿರಿಯಳೆಂದು ಮುಂದೆ ನಿಲ್ಲಿಸಿದ್ದೇ ಚಿಗವ್ವನ ತಪ್ಪಾಗಿತ್ತು.

ಆ ವಾರವೇ ಬಳ್ಳಾರಿಯಿಂದ ಫ್ಯಾಕ್ಟರಿ ಇನ್‌ಸ್ಪೆಕ್ಟರ್ ಬರುತ್ತಾರೆಂದು ಸುದ್ದಿ ಬಂತು. ಬರುವುದರೊಳಗೆ ಎಲ್ಲರ ಬಾಯಿ ಒಂದಾಗಬೇಕಿತ್ತು. ಮರಿಬಸಪ್ಪ ಮಲ್ಲಯ್ಯನನ್ನು ಮತ್ತೆ ಕರೆಸಿದ. ಬೆಳಗಿನ ಚಳಿಯಲ್ಲಿ ಅಂಗಳದ ತುಂಬ ಆಳುಗಳನ್ನು ನಿಲ್ಲಿಸಿದ. ಮಲ್ಲಯ್ಯ ಕಂಬಳಿ ಹಾಸಿದ, ಒರೆಸಿದ, ಭಂಡಾರದ ತಾಟನ್ನು ಕಂಬಳಿ ತುಂಡಿನಲ್ಲಿ ಹಿಡಿದು ಇಟ್ಟ. ಉರುಕುಂದಮ್ಮ ಗೇಟಿನ ಸರಳು ಹಿಡಿದು ಹೊರಗೆ ನಿಂತಿದ್ದಳು.

“ಲಿಂಗಕ್ಕಾ, ಬಾರವ್ವ,” ಎಂದ ಸಾವುಕಾರ ಬೆಲ್ಲದಂಥ ದನಿಯಲ್ಲಿ. “ಹೋದ ಸಲ ನಿನಗ ಕಿಡಿ ಹಾರಲಿಲ್ಲ. ನೀ ಸತ್ಯವಂತಿ. ಉರುಕುಂದಿ ಬೀಡಿ ಹಚ್ಚಿದ್ದು ನೋಡೀನಂತ ತಾಟು ಮುಟ್ಟಿ ಹೇಳು.”

“ಹೇಳತೀನ್ರಿ. ಮೊದಲು ನೀವು ಮುಟ್ರಿ.”

“ಏ, ಏನ್ ಮಾತಾಡತೀ!” ಎಂದು ಭೀಮಲಿಂಗಪ್ಪ ಮುಂದೆ ಬಂದ. “ಸಾವುಕಾರ್ರು ಆಣಿ ಮಾಡಬೇಕೇನು?”

“ಯಾಕ ಮೇಸ್ತ್ರೀ, ಬೀರಪ್ಪ ಕೂಲಿಯವರನ್ನಷ್ಟ ನೋಡತಾನೇನು? ‘ಈ ಬೆಂಕ್ಯಾಗ ನಂದೇನೂ ತಪ್ಪಿಲ್ಲ’ ಅಂತ ಸಾವುಕಾರ್ರು ಒಂದು ಮಾತು ಅನ್ನಲಿ, ಸಾಕು. ಆಮ್ಯಾಲೆ ನಾವೆಲ್ಲಾ ಮುಟ್ಟತೀವಿ. ಹೌದಲ್ಲರ್ರೇ?”

“ಹೌದು ಹೌದು,” ಎಂದು ಹಿಂದಿನಿಂದ ಯಾರೋ ಅಂದರು. “ಹಿರೇರು ಮೊದಲಲ್ಲೇನ್ರಿ?” ಎಂದರು ಇನ್ಯಾರೋ. ಮಲ್ಲಯ್ಯ ಮಾತ್ರ ಸಾವುಕಾರನ ಮುಖ ನೋಡುತ್ತಿದ್ದ. ಅವನು ನಂಬಿದವನು, ಅವನಿಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. “ಮುಟ್ರಿ ಯಜಮಾನ್ರೇ, ದೇವರ ಮುಂದ ಸಂಕೋಚ ಎಂಥಾದ್ದು?” ಎಂದ.

ಇಷ್ಟು ಜನರ ಮುಂದೆ ಹಿಂದೆ ಸರಿಯುವುದು ಹೇಗೆ? ಮರಿಬಸಪ್ಪ ನಕ್ಕಂತೆ ಮಾಡಿ ಕಾಲಿನ ಪಾಪಾಸು ಬಿಚ್ಚಿದ. ಬೆರಳು ಚಾಚಿ, “ನಂದೇನೂ ತಪ್ಪಿಲ್ಲಪಾ—” ಎನ್ನುವುದರೊಳಗೆ ಚಟ್ ಎಂದಿತು. “ಅಯ್ಯಯ್ಯೋ!” ಎಂದು ಸಾವುಕಾರ ಹಿಂದಕ್ಕೆ ನೆಗೆದ. ರುಮಾಲು ಕಿವಿಯ ಮೇಲೆ ಜಾರಿತು.

ನಗು ಹೊಟ್ಟಿನ ಬೆಂಕಿಯಂತೆ ಮೊದಲು ಮೂಲೆಯಲ್ಲಿ ಹೊಗೆಯಾಡಿ, ಆಮೇಲೆ ಅಂಗಳವೆಲ್ಲ ಹೊತ್ತಿಕೊಂಡಿತು.

“ನಗಬ್ಯಾಡ್ರಿ,” ಎಂದಳು ಲಿಂಗಕ್ಕ. “ಸಾವುಕಾರ್ರು ಸುಳ್ಳು ಹೇಳಿದ್ದಕ್ಕ ಕಿಡಿ ಹಾರಲಿಲ್ಲ. ಮೊದಲು ಮುಟ್ಟಿದ್ದಕ್ಕ ಹಾರಿತು. ಚಿಗವ್ವಗೂ ಅದಕ್ಕ ಹಾರಿತ್ತು. ಮಲ್ಲಯ್ಯಪ್ಪಾ, ನೀ ಮತ್ತ ಒರಸು, ಮತ್ತ ಇಡು. ಯಾರು ಬೇಕಾದ್ರೂ ಮೊದಲು ಬರ್ರಿ.”

ಬಂದರು. ಒಬ್ಬರಾದ ಮೇಲೆ ಒಬ್ಬರು. ಕೊನೆಗೆ ಮಲ್ಲಯ್ಯ ತಾನೇ ಮುಟ್ಟಿದ, ಬೆರಳು ಸುಟ್ಟವನಂತೆ ಹಿಂದೆಳೆದುಕೊಂಡ, ಅಂಗೈಯನ್ನು ಬಹಳ ಹೊತ್ತು ನೋಡಿಕೊಂಡ. “ನಾನೇನು ಸುಳ್ಳು ಹೇಳಿದೆ?” ಎಂದ. ಅವನು ನಿಧಾನ ನಡೆದು ಗೇಟಿನವರೆಗೆ ಹೋಗಿ ಸರಳಿನಾಚೆ ನಿಂತವಳಿಗೆ, “ತಪ್ಪಾತು ತಂಗೀ,” ಎಂದ.

ಪಂಪಣ್ಣ ಪಟ್ಟಾದ ಕಥೆ ಹೇಳಿದ. ಒಣ ತೊಗಲು ದಿನವಿಡೀ ರಾಟೆಗೆ ತಿಕ್ಕಿದರೆ ಏನು ಒಟ್ಟಾಗುತ್ತದೆ, ತಂತಿ ಇದ್ದಾಗ ಎಲ್ಲಿಗೆ ಹೋಗುತ್ತಿತ್ತು, ಕಿತ್ತ ಮೇಲೆ ಎಲ್ಲಿಗೆ ಜಿಗಿಯಿತು. ಕಿತ್ತದ್ದು ಯಾರ ಮಾತಿಗೆ ಎಂಬುದನ್ನು ಅವನು ಹೇಳಬೇಕಾಗಲಿಲ್ಲ. ಎಲ್ಲರೂ ಅತ್ತ ತಿರುಗಿದ್ದರು.

ಮರಿಬಸಪ್ಪ ರುಮಾಲು ಸರಿಮಾಡಿಕೊಂಡ. ಗುಮಾಸ್ತನ ಕಿವಿಯಲ್ಲಿ ಏನೋ ಉಸುರಿದ. ಗುಮಾಸ್ತ ಹಲಗೆಯ ಮೇಲೆ ಕಾಗದವಿಟ್ಟು ನಾಲ್ಕು ಸಾಲು ಗೀಚಿದ.

“ಆತು,” ಎಂದ ಸಾವುಕಾರ. “ಉರುಕುಂದಿದು ತಪ್ಪಿಲ್ಲ. ಈಗಿಂದೀಗ ಒಳಗ ಬರಲಿ, ಕೆಲಸಾ ಮಾಡಲಿ. ನನ್ನದೂ ತಪ್ಪಿಲ್ಲ. ‘ಬೆಂಕಿ ದೈವದಿಂದ ತಾನಾಗಿ ಹುಟ್ಟಿತು, ಯಾರ ತಪ್ಪೂ ಇಲ್ಲ’ ಅಂತ ಬರೆಸೀನಿ. ಕಣ್ಣಾರೆ ನೋಡಿದಾಕಿ ನೀನ. ಇನ್‌ಸ್ಪೆಕ್ಟರಿಗೆ ಕೊಡಾಕ ಬೇಕು, ಹೆಬ್ಬೆಟ್ಟು ಒತ್ತು. ಒತ್ತಿದ್ರ ಗೇಟು ತಗೀತಾರ.”

ಭೀಮಲಿಂಗಪ್ಪ ಮಸಿಯ ಡಬ್ಬಿ ತಂದ. ಆಗಲೇ ಕಾವಲುಗಾರ ಗೇಟಿನ ಚಿಲಕದ ಮೇಲೆ ಕೈಯಿಟ್ಟಿದ್ದ.

ಲಿಂಗಕ್ಕ ಗೇಟಿನತ್ತ ನೋಡಿದಳು. ಒಂದು ಹೆಬ್ಬೆಟ್ಟಿಗೆ ಚಿಗವ್ವ ಒಳಗೆ ಬರುತ್ತಾಳೆ, ಬಾವಿಯೂ ಸಿಗುತ್ತದೆ, ಕೂಲಿಯೂ ಸಿಗುತ್ತದೆ. ಆಮೇಲೆ ತಂತಿಯಿಲ್ಲದ ಅದೇ ಪಟ್ಟಾದ ಕೆಳಗೆ ಅದೇ ಜಾಗದಲ್ಲಿ ನಿಲ್ಲುತ್ತಾಳೆ.

ಸರಳಿನಾಚೆ ಉರುಕುಂದಮ್ಮ ಬಟ್ಟೆ ಸುತ್ತಿದ ಕೈಯನ್ನು ಮೇಲೆತ್ತಿದಳು. “ನಾ ಇಲ್ಲೇ ಆರಾಮ ಅದೀನಿ ಬೇ!” ಎಂದು ಕೂಗಿದಳು. “ನನ್ನ ಮ್ಯಾಲಿಂದು ತಗದು ದೇವರ ಮ್ಯಾಲೆ ಹಾಕತಾರಂತ. ಅವನನ್ನೂ ಗೇಟಿನ ಹೊರಗ ನಿಲ್ಲಸತಾರೇನು ಕೇಳು!”

ಭೀಮಲಿಂಗಪ್ಪ ಲಿಂಗಕ್ಕನ ಮಣಿಕಟ್ಟು ಹಿಡಿದ. ಆಕೆ ಕೊಸರಿಕೊಂಡಳು, ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿದಳು.

“ಒತ್ತಂಗಿಲ್ರಿ ಸಾವುಕಾರ್ರೇ. ತಂತಿ ನೀವು ಕೀಳಿಸಿದ್ರಿ. ಅದನ್ನ ಬರೆಸ್ರಿ, ಹತ್ತು ಬೆರಳೂ ಒತ್ತತೀನಿ. ಇದಕ್ಕ ಒತ್ತಂಗಿಲ್ಲ.”