ಹಾಲಿನ ಡಬ್ಬಿಗಳು

ಲಿಬಿಯಾದ ಮರಳುಗಾಡಿನಲ್ಲಿದ್ದ ಆ ಬ್ರಿಟಿಷ್ ಟ್ಯಾಂಕಿನಲ್ಲಿ ಗುಂಡು ಹಾರಿಸುವವನು ಹೆಸ್ಕೆತ್. ಪಕ್ಕದಲ್ಲಿ ಕೂತು ಗುಂಡು ತುಂಬುವ ಪ್ಯಾಸ್ಕೋನನ್ನು ಕಂಡರೆ ಅವನಿಗೆ ತಾತ್ಸಾರ. ಪ್ಯಾಸ್ಕೋ ಪೆಟ್ಟಿಗೆಯಲ್ಲಿ ಮಡಿಸಿಟ್ಟಿದ್ದ ಗುಂಡಿನ ಪಟ್ಟಿಗಳನ್ನು ಹೆಸ್ಕೆತ್ ಹೊರಗೆಳೆದು ತಾನೇ ಮತ್ತೆ ಮಡಿಸುತ್ತಿದ್ದ.

"ಇದು ಮೆಷಿನ್ ಗನ್ ಕಣೋ, ನಿಮ್ಮಮ್ಮನ ಹೊಲಿಗೆ ಮಿಷನ್ನಲ್ಲ. ಪಟ್ಟಿ ಒಂಚೂರು ತಿರುಚಿದ್ರೂ ಕಚ್ಕೊಂಡು ನಿಂತ್ಬಿಡುತ್ತೆ."

"ಗೊತ್ತಪ್ಪ," ಎನ್ನುತ್ತಿದ್ದ ಪ್ಯಾಸ್ಕೋ.

ಅಂದು ಬೆಳಿಗ್ಗೆ ಟ್ಯಾಂಕಿನ ಮುಂದೆ ನಾಲ್ವರು ಸೈನಿಕರು ಮೊಣಕಾಲೂರಿ ನೆಲಬಾಂಬು ತೆಗೆಯುತ್ತಿದ್ದರು. ಎದುರು ದಿಬ್ಬದ ಜರ್ಮನ್ನರು ತಲೆಯೆತ್ತದಂತೆ, ಟ್ಯಾಂಕಿನ ಫಿರಂಗಿಯ ಪಕ್ಕ ಕೂರಿಸಿದ್ದ ಮೆಷಿನ್ ಗನ್ನನ್ನು ಹೆಸ್ಕೆತ್ ಹಾರಿಸುತ್ತಲೇ ಇರಬೇಕಿತ್ತು. ಎರಡನೇ ಪಟ್ಟಿಯ ನಡುವೆ ಅದು ನಿಂತಿತು.

"ನಿನ್ನ ಪಟ್ಟಿನೇ. ಹೇಳಿರ್ಲಿಲ್ವಾ? ನಿನ್ನಂಥ ದಡ್ಡನ್ನ ಕಟ್ಕೊಂಡು ಯುದ್ಧ ಮಾಡ್ಬೇಕು."

ಪಟ್ಟಿ ನೆಟ್ಟಗೇ ಇತ್ತು. ಪ್ಯಾಸ್ಕೋ ಗನ್ನಿನ ಕೆಳಗೆ ಕೈ ಹಾಕಿದ. ಸಿಡಿದ ಗುಂಡುಗಳ ಖಾಲಿ ಕೊಳವೆಗಳು ಬೀಳುವ ಕ್ಯಾನ್ವಾಸ್ ಚೀಲ ಆಗಲೇ ಬಾಯಿತನಕ ತುಂಬಿ, ಆಮೇಲಿನ ಕೊಳವೆಗಳು ಗನ್ನಿನೊಳಗೇ ಸಿಕ್ಕಿಕೊಂಡಿದ್ದವು. ತಳದಲ್ಲಿ ಮೂರು ಗಟ್ಟಿಹಾಲಿನ ಡಬ್ಬಿಗಳಿದ್ದವು. ಯಾರವೆಂದು ಹೆಸ್ಕೆತ್‌ಗೆ ಗೊತ್ತಿತ್ತು. ಚಹಾಕ್ಕೆ ಪ್ಯಾಸ್ಕೋ ಹೆಚ್ಚು ಸುರಿದುಕೊಳ್ಳುತ್ತಾನೆಂದು ತಾನೇ ಅಲ್ಲಿ ಬಚ್ಚಿಟ್ಟಿದ್ದ.

ಚೀಲ ಬರಿದು ಮಾಡಿ ಗನ್ನು ಮತ್ತೆ ಗುಂಡು ಹಾರಿಸುವಷ್ಟರಲ್ಲಿ, ನಾಲ್ವರಲ್ಲಿ ಒಬ್ಬ ಮರಳಿನ ಮೇಲೆ ಬೋರಲು ಬಿದ್ದಿದ್ದ. ಅವನು ಏಳಲಿಲ್ಲ.

ಸಂಜೆ ಪ್ಯಾಸ್ಕೋ ಚಹಾ ಕಾಸಿದ. ಉಳಿದವರಿಗೆಲ್ಲ ಬರೀ ಕಪ್ಪು ಚಹಾ ಕೊಟ್ಟು, ಹೆಸ್ಕೆತ್‌ನ ಲೋಟಕ್ಕೆ ಮಾತ್ರ ತುಳುಕುವಷ್ಟು ಹಾಲು ಸುರಿದು ಮುಂದಿಟ್ಟ.

"ಕುಡಿ. ನಿಂದೇ ಅಲ್ವಾ," ಎಂದ, ಮುಖ ನೋಡದೆ.