ಹಿಂಗಿನ ಡಬ್ಬಿಯ ಕಾಸು

ಶೀಲಾವತಿ ಯುರೋಪಿನಿಂದ ಬಂದು ಮೂರು ದಿನವಾದರೂ ಅಕ್ಕು ಅವಳ ಮನೆಯ ಹೊಸ್ತಿಲು ತುಳಿದಿರಲಿಲ್ಲ. ನಡುವೆ ಇದ್ದದ್ದು ಒಂದೇ ಗೋಡೆ. ಮುಂಬಯಿಯ ಸಾಂತಾಕ್ರೂಜಿನ ಆ ಚಾಳಿನಲ್ಲಿ ಒಬ್ಬರ ಮನೆಯ ಒಗ್ಗರಣೆಗೆ ಪಕ್ಕದ ಮನೆಯವರು ಸೀನುತ್ತಿದ್ದರು. ಅಂಥಲ್ಲಿ ತಮ್ಮನ ಹೆಂಡತಿಯ ಮುಖ ನೋಡದೆ ದಿನ ತಳ್ಳುವುದು ಸುಲಭದ ಮಾತಲ್ಲ. ಆದರೆ ಅಕ್ಕುವಿನ ಮನಸ್ಸು ಮುರಿದಿತ್ತು.

ತಮ್ಮ ಮೋನಪ್ಪ ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ಫೋರ್ಟಿನಲ್ಲಿ ಅವನದೊಂದು ಸಣ್ಣ ಹೋಟೆಲು. ಇಡ್ಲಿ, ಸಾಂಬಾರು, ಆಫೀಸಿನ ಜನರ ಗಲಾಟೆ, ಇಷ್ಟರಲ್ಲೇ ಬದುಕು ಸವೆಸಿದವನು ಒಂದು ದಿನ ಬಂದು, ಯುರೋಪಿಗೆ ಹೋಗುವ ಒಂದು ಗುಜರಾತಿ ತಂಡದ ಜೊತೆ ತನಗೂ ಹೆಂಡತಿಗೂ ಸೀಟು ಹೇಳಿಬಿಟ್ಟೆ ಎಂದ. ಅಕ್ಕು ಬೆಚ್ಚಿ, "ಮೊದಲು ಕಾಶಿ ಅಂತ ಅಲ್ವನಾ ಮಾತಾದದ್ದು?" ಎಂದು ಕೇಳಿದ್ದಳು.

"ಮೊಣಗಂಟು ಗಟ್ಟಿ ಇರುವಾಗ ಯುರೋಪು ಅಕ್ಕ. ಕಾಶಿ ಎಲ್ಲಿಗೂ ಓಡಿ ಹೋಗುವುದಿಲ್ಲ" ಎಂದಿದ್ದ.

ಕಾಶಿ ಓಡಿಹೋಗಲಿಲ್ಲ, ಅವನೇ ಹೊರಟುಹೋದ. ಅವನ ಸೀಟಿನಲ್ಲಿ ಮಗಳು ವನಜ ತಾಯಿಯ ಜೊತೆ ಹೋದಳು. ಅದಕ್ಕೆ ಅಕ್ಕುವಿಗೆ ಬೇಸರವಿರಲಿಲ್ಲ. ಸತ್ತವನ ಆಸೆ, ಹೋಗಿ ಬರಲಿ ಎಂದು ಅವಳೇ ಹರಸಿ ಕಳಿಸಿದ್ದಳು. ಅವರಿಲ್ಲದಾಗ ಅವರ ದೇವರಿಗೆ ದೀಪವಿಡಲು ಹೋದ ಮೊದಲ ಸಂಜೆಯೇ ಅವಳ ಮನಸ್ಸು ಮುರಿದದ್ದು. ದೇವರ ಹಲಗೆಯ ಮೇಲೆ ಹಿಂಗಿನ ಡಬ್ಬಿ ಇರಲಿಲ್ಲ. ಅದು ಕೂತಿದ್ದ ಜಾಗದಲ್ಲಿ ಗುಂಡನೆಯ ಗುರುತು ಮಾತ್ರ ಇತ್ತು.

ಆ ಡಬ್ಬಿಗೆ ಒಂದು ಕತೆಯಿತ್ತು. ಅಕ್ಕು, ಮೋನಪ್ಪ ಚಿಕ್ಕವರಿದ್ದಾಗ ರೈಲು ನೇತ್ರಾವತಿಯ ಸೇತುವೆಗೆ ಬಂದೊಡನೆ ತಾಯಿ ಇಬ್ಬರ ಕೈಗೂ ಒಂದೊಂದು ಕಾಸು ಕೊಟ್ಟು, ಕೈಮುಗಿದು ಎಸೆಯಿರಿ ಎನ್ನುತ್ತಿದ್ದಳು. ಅಕ್ಕುವಿನ ಕಾಸು ನೆಟ್ಟಗೆ ನೀರಿಗೆ ಹೋಗುತ್ತಿತ್ತು. ಮೋನಪ್ಪನದು ಸೇತುವೆಯ ಕಬ್ಬಿಣಕ್ಕೆ ಬಡಿದು ಠಣ್ ಎನ್ನುತ್ತಿತ್ತು. ದೊಡ್ಡವನಾಗಿ ಮುಂಬಯಿಗೂ ಊರಿಗೂ ಓಡಾಡುವಾಗಲೂ ಅದೇ ಪಾಡು. ಕೃಷ್ಣೆಯಾಗಲಿ ಭೀಮೆಯಾಗಲಿ, ಅವನ ಕಾಸು ಕಬ್ಬಿಣವನ್ನೇ ಹುಡುಕಿಕೊಂಡು ಹೋಗುತ್ತಿತ್ತು. ಕೊನೆಗೆ, ಊರಲ್ಲಿ ಓಟೆಮುಕ್ಕಾಲು ಎನ್ನುವ, ನಡುವೆ ತೂತಿನ ತಾಮ್ರದ ಕಾಸು ಚಲಾವಣೆ ತಪ್ಪಿದಾಗ ಅವನ್ನೆಲ್ಲ ಹೋಟೆಲಿನ ಹಳೆಯ ಹಿಂಗಿನ ಡಬ್ಬಿಯಲ್ಲಿ ತುಂಬಿ ದೇವರ ಮುಂದಿಟ್ಟ. ಕಾಶಿಯ ದಾರಿಯ ನದಿಗಳಿಗೆ, ಆಮೇಲೆ ಗಂಗೆಗೆ ಎಂದು.

ಅಂಥ ಡಬ್ಬಿಯನ್ನು ಶೀಲಾವತಿ ಗುಜರಿಯವನಿಗೆ ಹಾಕಿದಳೋ, ಯಾರಿಗೆ ಕೊಟ್ಟಳೋ. ಅಕ್ಕು ಆ ಸಂಕಟವನ್ನು ಯಾರಿಗೂ ಹೇಳದೆ ನುಂಗಿಕೊಂಡಿದ್ದಳು.

ಅವರು ಬಂದ ಮೂರನೆಯ ಸಂಜೆ ಗೋಡೆಯಾಚೆ ನಗುವೋ ನಗು. ಚಾಳಿನ ಹೆಂಗಸರೆಲ್ಲ ಸೇರಿದ್ದರು. ವಿಜಾಪುರದ ಕಡೆಯ ಕಸ್ತೂರಿಬಾಯಿ ಬಂದು ಬಾಗಿಲಲ್ಲಿ ನಿಂತಳು.

"ಅಕ್ಕಾರ, ನೀವಿಲ್ದ ಮಜಾನ ಇಲ್ರಿ. ಏಳ್ರಿ, ಬರ್ರಿ."

ಇನ್ನು ಹೋಗದಿದ್ದರೆ ಚಾಳಿಗೆಲ್ಲ ಸುದ್ದಿಯಾಗುತ್ತದೆ ಎಂದು ಅಕ್ಕು ಎದ್ದು ಹೋಗಿ ಬಾಗಿಲ ಬಳಿಯೇ ಕೂತಳು. ವನಜ ಓಡಿಬಂದು ಕೈಗೊಂದು ಚಾಕಲೇಟು ಇಟ್ಟಳು. ಅಕ್ಕು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

"ಹೂಂ, ಹೇಳ್ರಿ ಮುಂದ. ಪ್ಯಾರಿಸ್ಸಿನಾಗ ಏನ್ ನೋಡಿದ್ರಿ?" ಎಂದಳು ಕಸ್ತೂರಿಬಾಯಿ.

"ನದಿ" ಎಂದಳು ಶೀಲಾವತಿ.

"ಲಂಡನ್ನಿನಾಗೂ ನದಿ ಅಂದ್ರಿ. ಅಲ್ರೀ, ನದಿ ನೋಡಾಕ ಇಮಾನ ಹತ್ತಿ ಹೋದ್ರೇನು? ನಮ್ಮ ಕೃಷ್ಣಾ ಹೊಳಿ ಎಸ್ಟಿ ಬಸ್ಸಿನಾಗ ಸಿಗ್ತದ."

ಎಲ್ಲರೂ ನಕ್ಕರು. ಆ ನಗು ಇಳಿಯುವುದನ್ನೇ ಕಾದಿದ್ದವಳಂತೆ ಅಕ್ಕು ಕೇಳಿದಳು.

"ಶೀಲಾ, ದೇವರ ಹಲಗೆಯ ಮೇಲಿದ್ದ ಡಬ್ಬಿ ಎಂತಾಯ್ತು?"

ಶೀಲಾವತಿ ಎದ್ದು, ಮಂಚದ ಕೆಳಗಿನ ಚೀಲದಿಂದ ಡಬ್ಬಿ ತೆಗೆದು ಅಕ್ಕುವಿನ ಮುಂದಿಟ್ಟಳು. ಮುಚ್ಚಳ ತೆರೆದೊಡನೆ ಹಿಂಗು ಘಮ್ಮೆಂದಿತು. ತಳದಲ್ಲಿ ಒಂದು ಹಿಡಿಯೂ ಇರದಷ್ಟು ಕಾಸು.

"ಇದು ಕಾಶಿಯ ಕಾಸು."

"ಹೌದು ಅತ್ತಿಗೆ."

"ಉಳಿದದ್ದು ಎಲ್ಲಿ?"

"ನದಿಯಲ್ಲಿ."

ವನಜ ನಡುವೆ ಬಾಯಿ ಹಾಕಿದಳು. "ಅತ್ತೆ, ಲಂಡನ್ ಏರ್‌ಪೋರ್ಟಲ್ಲಿ ಆಫೀಸರ್ ಡಬ್ಬಾ ಖೋಲಾ, ಮೂಗಿಗೆ ಹಿಡಿದು ಸೂಂಘಾ... ಅವನ ಮುಖ ನೀವು ನೋಡ್ಬೇಕಿತ್ತು. ಏಕ್‌ದಮ್ ಲಾಲ್."

"ಇದು ಎಂತದ್ದು ಅಂತ ಕೇಳಿದ" ಎಂದು ಶೀಲಾವತಿ ಮುಂದುವರಿಸಿದಳು. "ನನಗೆ ಇಂಗ್ಲಿಷು ಬರ್ತದಾ? ನದಿಗೆ ಎಸೆಯುವ ಹಾಗೆ ಕೈ ಮಾಡಿ ತೋರಿಸಿದೆ. ಅವನು ಒಂದು ಕಾಸು ಎತ್ತಿ, ಅದರ ತೂತಿನಲ್ಲಿ ನನ್ನನ್ನು ನೋಡಿ, ಹೋಗು ಅಂದ. ಅವತ್ತು ಸಂಜೆಯೇ ಸೇತುವೆಗೆ ಹೋಗಿ ಇವರ ಹೆಸರು ಹೇಳಿ ಮೊದಲನೇದು ಹಾಕಿದೆ."

ಪ್ಯಾರಿಸ್ಸಿನಲ್ಲಿ ಅವಳು ಎಸೆದ ಕಾಸು ಕೆಳಗೆ ದೋಣಿಯಲ್ಲಿ ಕೂತ ಒಬ್ಬನ ಟೋಪಿಯ ಮೇಲೆ ಬಿತ್ತಂತೆ. ಅವನು ಟೋಪಿ ತೆಗೆದು, ಬಗ್ಗಿ ನಮಸ್ಕಾರ ಮಾಡಿದನಂತೆ. ಅಲ್ಲಿಂದ ಬಸ್ಸು. ಬಸ್ಸಿನಲ್ಲಿದ್ದ ಗುಜರಾತಿ ಹೆಂಗಸರು ಇವಳು ಮಾಡುವುದನ್ನು ಕಂಡು, ಅತ್ತೆಯ ಹೆಸರಿಗೆ ಒಂದು, ತಾಯಿಯ ಹೆಸರಿಗೆ ಒಂದು ಎಂದು ಕೈಚಾಚತೊಡಗಿದರು. ಇಟಲಿಯ ಡ್ರೈವರನಿಗೆ ಇವಳ ಬಾಯಿಯ ಒಂದು ಶಬ್ದ ಅಂಟಿಕೊಂಡಿತು. ಯಾವ ಸೇತುವೆ ಬರಲಿ, ಬಸ್ಸು ನಿಧಾನ ಮಾಡಿ, "ಮಮ್ಮಾ, ಗಂಗಾ" ಎಂದು ಕೂಗುತ್ತಿದ್ದ. ವೆನಿಸ್ಸಿನಲ್ಲಿ ಬೀದಿಬೀದಿಯೇ ನೀರು. ಎಲ್ಲಿ ಎಂದು ಎಸೆಯುವುದು? ಇಡೀ ಊರಿಗೆ ಒಂದು ಎಂದು ಹೋಟೆಲಿನ ಮೆಟ್ಟಿಲಲ್ಲೇ ನಿಂತು ನೀರಿಗೆ ಬಿಟ್ಟಳು. ರೋಮಿನಲ್ಲಿ ಡ್ರೈವರನೂ ತನ್ನ ತಾಯಿಗೆಂದು ಒಂದು ಕೇಳಿ ಪಡೆದು, ಮುತ್ತಿಟ್ಟು ನದಿಗೆ ಹಾಕಿದ.

ಟೋಪಿಯ ಮಾತಿಗೆ ಅಕ್ಕುವಿಗೂ ನಗು ಬಂದು ಸೆರಗು ಬಾಯಿಗೆ ಹಿಡಿದಿದ್ದಳು. ಆದರೂ ಮುಳ್ಳು ಒಳಗೇ ಇತ್ತು.

"ಎಲ್ಲ ಸರಿ. ಗಂಗೆಗೆ ಅಂತ ತೆಗೆದಿಟ್ಟದ್ದು ಕಂಡ ಕಂಡ ಊರಿನ ನೀರಿಗೆ ಹೋಯಿತಲ್ಲ ಶೀಲಾ."

ಶೀಲಾವತಿ ಅವಳ ಹತ್ತಿರ ಸರಿದು ಕೂತಳು. "ಅತ್ತಿಗೆ, ನಾನು ಮದುವೆಯಾಗಿ ಈ ಚಾಳಿಗೆ ಬಂದಾಗ ನಲ್ಲಿ ನೀರಿಗೆ ತುಕ್ಕಿನ ವಾಸನೆ, ಮೀಯುವುದಿಲ್ಲ ಅಂತ ಹಟ ಮಾಡಿದ್ದೆ. ಆಗ ನೀವು ಎಂತ ಹೇಳಿದ್ದು?"

ಅಕ್ಕುವಿಗೆ ನೆನಪಾಯಿತು. ಬಾಲ್ದಿಯಲ್ಲಿ ಬೆರಳದ್ದಿ, ಗಂಗೆ ಎಂದು ಕರೆದು ಮೀಯಿ, ಕರೆದಲ್ಲಿಗೆ ಬರುತ್ತಾಳೆ ಎಂದಿದ್ದಳು. ಅಂದಿನಿಂದ ಈ ಬೆಳಗಿನವರೆಗೆ ತಾನೂ ಹಾಗೆ ಕರೆಯದೆ ಒಂದು ಚೆಂಬು ನೀರು ಮೈಮೇಲೆ ಹಾಕಿಕೊಂಡವಳಲ್ಲ.

"ಮುನಿಸಿಪಾಲ್ಟಿ ನಲ್ಲಿಗೆ ಬರುವವಳು ಪ್ಯಾರಿಸ್ಸಿಗೆ ಬರುವುದಿಲ್ಲವಾ? ನಾನು ಒಂದೊಂದು ಸಲವೂ ಕರೆದೇ ಹಾಕಿದ್ದು. ಇವರಿಗೆ ಎರಡು ಆಸೆ ಇತ್ತು. ಒಂದರೊಳಗೆ ಇನ್ನೊಂದನ್ನು ಸೇರಿಸಿಬಿಟ್ಟೆ. ತಪ್ಪಾದರೆ ಬೈಯಿರಿ."

ಅಕ್ಕು ಬೈಯಲಿಲ್ಲ. ಊರೂರಿನ ಸೇತುವೆಯ ಮೇಲೆ ತಮ್ಮನ ಹೆಸರು ಕೇಳಿಸಿದ್ದನ್ನು ಅವಳು ಮನಸ್ಸಿನಲ್ಲಿ ನೋಡುತ್ತಿದ್ದಳು. ಡಬ್ಬಿಯ ಕಾಸೊಂದನ್ನು ಎತ್ತಿ ಕೇಳಿದಳು.

"ಒಂದಾದರೂ ಕಬ್ಬಿಣಕ್ಕೆ ಬಡಿಯಿತಾ?"

"ಇಲ್ಲಪ್ಪ. ಟೋಪಿಗೆ ಬಿದ್ದದ್ದು ಬಿಟ್ಟರೆ ಎಲ್ಲ ನೀರಿಗೇ."

"ಹಾಗಾದರೆ ಅವನು ನಂಬಿರಲಿಕ್ಕಿಲ್ಲ ಮಾರಾಯ್ತಿ. ಅವನ ಕಾಸು ಎಂದಾದರೂ ನೀರು ಕಂಡದ್ದುಂಟಾ?"

ಮೊದಲು ನಕ್ಕವಳು ಶೀಲಾವತಿ. ಆಮೇಲೆ ಇಬ್ಬರೂ ಒಬ್ಬರ ಹೆಗಲು ಒಬ್ಬರು ಹಿಡಿದು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಅದು ಯಾವ ನೀರು ಎಂದು ಯಾರೂ ಕೇಳಲಿಲ್ಲ.

"ಇದಿಷ್ಟು ಕಾಶಿಗೆ ಉಳಿಸಿದ್ದೇನೆ. ನೀವು ಬಂದರೆ ಮಾತ್ರ ಹೋಗುವುದು" ಎಂದಳು ಶೀಲಾವತಿ.

"ದೀಪಾವಳಿ ಕಳೆದ ಮೇಲೆ ಹೋಗುವ" ಎಂದು ಅಕ್ಕು ಸೆರಗಿನ ಗಂಟು ಬಿಚ್ಚಿದಳು. ಚಾಕಲೇಟು ಕರಗಿ ಬಟ್ಟೆಗೆ ಮೆತ್ತಿಕೊಂಡಿತ್ತು. ಬೆರಳಲ್ಲಿ ತೆಗೆದು ನೆಕ್ಕಿ, "ಅಷ್ಟರವರೆಗೆ ಕಾಯಲಿಕ್ಕೆ ನನ್ನಿಂದಾಗದು. ಆದಿತ್ಯವಾರ ವಸಾಯಿಗೆ ಹೋಗಿ ಬರುವ, ದಾರಿಯಲ್ಲಿ ಸೇತುವೆ ಉಂಟು" ಎಂದಳು.

ಆದಿತ್ಯವಾರ ಮಳೆ ಬಿಟ್ಟಿತ್ತು. ವಿರಾರ್ ಲೋಕಲ್ ಭಾಯಂದರ್ ದಾಟಿ ಖಾಡಿಯ ಹಿನ್ನೀರಿನ ಸೇತುವೆಗೆ ಏರುತ್ತಲೇ ಬೋಗಿಯ ಹೆಂಗಸರೆಲ್ಲ ಎಂದಿನಂತೆ ಪೂಜೆಯ ಬಾಡಿದ ಹೂವಿನ ಪೊಟ್ಟಣ ನೀರಿಗೆ ಹಾಕಲು ಎದ್ದರು. ಅಕ್ಕು ಕಿಟಕಿಯ ಬಳಿ ನಿಂತು ಕಣ್ಣು ಮುಚ್ಚಿದಳು. ಗಂಗೆಯನ್ನು ಕರೆದಳು. ತಮ್ಮನ ಹೆಸರು ಹೇಳಿ ಕಾಸು ಎಸೆದಳು.

ಠಣ್.

ಜನ್ಮದಲ್ಲಿ ಮೊದಲ ಸಲ ಅಕ್ಕುವಿನ ಗುರಿ ತಪ್ಪಿತ್ತು. ಅವಳು ಕಣ್ಣು ಬಿಟ್ಟು ಶೀಲಾವತಿಯನ್ನು ನೋಡಿದಳು.

"ಅಗೋ, ಮೋನಪ್ಪ ಬಂದ" ಎಂದಳು.

ಶೀಲಾವತಿ ಹಿಂಗಿನ ಡಬ್ಬಿ ಮುಂದೆ ಹಿಡಿದಳು. ಅಕ್ಕು ಇನ್ನೊಂದು ತೆಗೆದುಕೊಂಡಳು. ಸೇತುವೆ ಇನ್ನೂ ಮುಗಿದಿರಲಿಲ್ಲ.