ಐದನೆಯ ಚೀಟಿ

ಜಾನಕಿಯವರು ಹನ್ನೊಂದು ವರ್ಷ ಬರೆದ ನಡಾವಳಿ ಪುಸ್ತಕದಲ್ಲಿ ಒಂದೇ ಒಂದು ಜಗಳ ಇರಲಿಲ್ಲ. ತೆಂಕಣ ಕನ್ನಡ ಒಕ್ಕೂಟದಲ್ಲಿ ಜಗಳವಿಲ್ಲದ ಸಭೆ ಒಂದೇ ಒಂದು ನಡೆದಿರಲಿಲ್ಲ. ಸಿಡ್ನಿಯಲ್ಲಿ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದುಹೋದವರುಂಟು, ಮೆಲ್ಬರ್ನ್‌ನಲ್ಲಿ ಮೈಕು ಕಿತ್ತುಕೊಂಡವರುಂಟು. ಕಾರ್ಯದರ್ಶಿ ಜಾನಕಿಯವರು ಮಾತ್ರ ಮನೆಗೆ ಬಂದು, ಕಾಫಿ ಕುಡಿದು, ಕನ್ನಡಕ ಏರಿಸಿ, ದುಂಡಗಿನ ಅಕ್ಷರದಲ್ಲಿ ‘ಸರ್ವಾನುಮತದಿಂದ ಅಂಗೀಕರಿಸಲಾಯಿತು’ ಎಂದು ಬರೆದು ಕೈತೊಳೆದುಕೊಳ್ಳುತ್ತಿದ್ದರು.

ಇದು ಅವರು ಹುಟ್ಟುಹಾಕಿದ ಪದ್ಧತಿಯಲ್ಲ. ಹಿಂದಿನ ಕಾರ್ಯದರ್ಶಿ, ಬೆಳಗಾವಿಯ ಶಿವಬಸಪ್ಪನವರು ಪುಸ್ತಕ ಕೈಗೆ ಕೊಡುವಾಗಲೇ ಹೇಳಿದ್ದರು: “ಒಳಗ ಏನರೆ ಬಡದಾಡ್ರಿ, ಪುಸ್ತಕದಾಗ ಮಾತ್ರ ಸರ್ವಾನುಮತ ಅಂತ ಬರೀರಿ. ಗ್ರಾಂಟ್ ಕೊಡಾವ್ರು ಕೇಳಿದ್ರ ಇದನ್ನs ಓದಿ ಹೇಳಬೇಕಾಗ್ತೈತಿ. ನಮ್ಮ ಮಾನ ನಮ್ಮ ಕೈಯಾಗ.” ಒಕ್ಕೂಟದ ಎರಡು ಬಣಗಳೂ ಒಪ್ಪಿ ನಡೆದುಕೊಂಡದ್ದು ಈ ಒಂದು ವಿಷಯದಲ್ಲಿ ಮಾತ್ರ.

ಎರಡು ಬಣಗಳೆಂದರೆ ಬೆಂಗಳೂರು-ಮೈಸೂರಿನವರದೊಂದು, ಹುಬ್ಬಳ್ಳಿ-ಧಾರವಾಡ-ಬೆಳಗಾವಿಯವರದೊಂದು. ಎದುರಿಗೆ ಯಾರೂ ಬಣದ ಮಾತೆತ್ತುವುದಿಲ್ಲ. ಬೆನ್ನ ಹಿಂದೆ ಮಾತ್ರ ‘ಅನ್ನದವರು’, ‘ರೊಟ್ಟಿಯವರು’ ಎಂದು ಕರೆಯುತ್ತಾರೆ. ಈ ವರ್ಷ ಅಧ್ಯಕ್ಷ ಸ್ಥಾನಕ್ಕೆ ಅನ್ನದವರಿಂದ ಮೆಲ್ಬರ್ನ್ ಹೊರವಲಯದ ಟಾರ್ನೀಟ್‌ನ ಹೃಷಿಕೇಶ್, ರೊಟ್ಟಿಯವರಿಂದ ಅದೇ ಊರಿನ ಶೇಖರಪ್ಪ ನಿಂತಿದ್ದರು. ಹೃಷಿಕೇಶ್‌ನ ಕರಪತ್ರ ವಾಟ್ಸಾಪ್‌ನಲ್ಲಿ ಎಲ್ಲರ ಫೋನಿಗೂ ಬಂದಿತ್ತು. ‘ಎರಡು ಕಡೆ, ಒಂದೇ ಪಂಕ್ತಿ. ಮಾತಲ್ಲ, ದಾಖಲೆ ನೋಡಿ. ನಾನು ಮಂಡಿಸಿದ ಹದಿನೇಳು ನಿರ್ಣಯಗಳೂ ಸರ್ವಾನುಮತ!’ ಕೆಳಗೆ ಜಾನಕಿಯವರ ದುಂಡಗಿನ ಅಕ್ಷರದ ಪುಟಗಳ ಫೋಟೋ.

ಶೇಖರಪ್ಪ ಸುಮ್ಮನಿರುವ ಆಸಾಮಿಯೇ? ನಿಯಮದ ಪ್ರಕಾರ ಲಿಖಿತ ಪ್ರಶ್ನೆ ಕಳಿಸಿದರು: ಅಭ್ಯರ್ಥಿಯ ದಾಖಲೆ ಅವರ ಭರವಸೆಗೆ ಹೊಂದುತ್ತದೆಯೇ? ಕಾರ್ಯದರ್ಶಿಗಳು ಮಹಾಸಭೆಯಲ್ಲಿ ಉತ್ತರಿಸಲಿ.

ಪ್ರಶ್ನೆ ಬಂದ ದಿನವೇ ಹೃಷಿಕೇಶ್ ಫೋನ್ ಮಾಡಿದ. “ಜಾನಕಿ ಆಂಟಿ, ಐದು ನಿಮಿಷದ ಕೆಲಸ. ಪುಸ್ತಕದಲ್ಲಿ ಇರೋದನ್ನ ಓದಿಬಿಡಿ, ಸಾಕು. ನಿಮ್ಮ ಮಾತು ಅಂದ್ರೆ ಎರಡೂ ಕಡೆಯವರಿಗೂ ನಂಬಿಕೆ.”

“ಓದ್ತೀನಪ್ಪ,” ಎಂದರು ಜಾನಕಿ. ಅವರಿಗೆ ಸಾಕಾಗಿತ್ತು. ಅರವತ್ತೊಂಬತ್ತು ವಯಸ್ಸು, ಮಂಡಿ ನೋವು, ಹನ್ನೊಂದು ವರ್ಷದ ಸರ್ವಾನುಮತ. ಈ ಸಲ ಪುಸ್ತಕ ಯಾರ ಕೈಗಾದರೂ ಹಾಕಿ ಬಂದುಬಿಡಬೇಕು ಅಂದುಕೊಂಡಿದ್ದರು.

ಮರುದಿನ ಬೆಳಿಗ್ಗೆ ಟಾರ್ನೀಟ್‌ನಿಂದ ರುದ್ರವ್ವನ ಫೋನು ಬಂತು. ಧಾರವಾಡದವಳು, ಜಾನಕಿಯವರಿಗಿಂತ ಎಂಟು ವರ್ಷ ಚಿಕ್ಕವಳು, ಇಷ್ಟು ವರ್ಷಗಳಲ್ಲಿ ಒಕ್ಕೂಟ ಅವರಿಗೆ ಕೊಟ್ಟ ಒಂದೇ ಒಂದು ನಿಜವಾದ ಲಾಭ. ಈಚೆಗೆ ಮೆಲ್ಬರ್ನ್‌ಗೆ ಹೋದಾಗಲೆಲ್ಲ ಜಾನಕಿಯವರು ಉಳಿಯುವುದು ಅವಳ ಮನೆಯಲ್ಲಿ.

“ಅಕ್ಕಾರ, ಕರಪತ್ರದಾಗ ಮೂರನೇ ಫೋಟೋ ನೋಡಿದ್ರೇನು? ‘ಶ್ರೀಮತಿ ರುದ್ರವ್ವನವರು ಸ್ವಇಚ್ಛೆಯಿಂದ ತರಗತಿಯ ಹೊಣೆಯನ್ನು ಬಿಟ್ಟುಕೊಟ್ಟರು, ಸಭೆ ಸರ್ವಾನುಮತದಿಂದ ಅಂಗೀಕರಿಸಿತು’ ಅಂತ ಐತಿ. ನಾ ಯಾವಾಗ ಹೂಂ ಅಂದೇನ್ರಿ?”

ಜಾನಕಿಯವರು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದರು. “ಬರ್ತೀನಲ್ಲ ಶನಿವಾರ ಮಹಾಸಭೆಗೆ, ಕೂತು ಮಾತಾಡೋಣ,” ಅಂದರು.

ನಡೆದದ್ದು ಆರು ವರ್ಷದ ಹಿಂದೆ. ಟಾರ್ನೀಟ್‌ನಲ್ಲಿ ರುದ್ರವ್ವ ಪ್ರತಿ ಭಾನುವಾರ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತಿದ್ದಳು. ಇಪ್ಪತ್ತಮೂರು ಮಕ್ಕಳು. ಆಗ ಶಿಕ್ಷಣ ಸಂಚಾಲಕನಾಗಿದ್ದ ಹೃಷಿಕೇಶ್, ಮಕ್ಕಳು ‘ಏನ್ ಮಾಡಾಕತ್ತಿ’ ಅಂತ ಕಲಿಯುತ್ತಿದ್ದಾರೆ, ಪಠ್ಯಪುಸ್ತಕದ ಶುದ್ಧ ಕನ್ನಡ ಬರುವವರು ಬೇಕು ಎಂದು ಅವಳನ್ನು ಬದಲಿಸುವ ನಿರ್ಣಯ ತಂದ. ಸಮಿತಿಯಲ್ಲಿ ಒಂಬತ್ತು ಜನ: ಅನ್ನದವರು ನಾಲ್ಕು, ರುದ್ರವ್ವನೂ ಸೇರಿ ರೊಟ್ಟಿಯವರು ನಾಲ್ಕು, ಕಾರ್ಯದರ್ಶಿ ಜಾನಕಿ ಒಬ್ಬರು. ಮುಖ ನೋಡಿಕೊಂಡು ಕೈ ಎತ್ತುವುದು ಕಷ್ಟವೆಂದು ಚೀಟಿ ಹಾಕಿದರು. ಐದು-ನಾಲ್ಕು. ರುದ್ರವ್ವ ಹೋದಳು.

ಆ ಐದನೆಯ ಚೀಟಿ ಜಾನಕಿಯವರದು.

ಯಾಕೆ ಹಾಗೆ ಮಾಡಿದರು? ಆಗ ಮಗಳು ನಿವೇದಿತಾ ಟಾರ್ನೀಟ್‌ನಲ್ಲಿದ್ದಳು, ಮೊಮ್ಮಗಳು ಮಾಯಾ ಆ ತರಗತಿಗೇ ಹೋಗುತ್ತಿದ್ದಳು. ಜಾನಕಿಯವರು ಮಗಳ ಮನೆಯಲ್ಲಿದ್ದಾಗ ಐದು ವರ್ಷದ ಕೂಸು ಒಂದು ದಿನ ಅಡುಗೆಮನೆಗೆ ಓಡಿಬಂದು, “ಅಜ್ಜಿ, ಏನ್ ಮಾಡಾಕತ್ತೀರಿ?” ಅಂತ ಕೇಳಿತ್ತು. ಅಷ್ಟು ಚೆಂದಾಗಿ ಕೇಳಿದ್ದಕ್ಕೆ ಎತ್ತಿ ಮುದ್ದಾಡಬೇಕಿತ್ತು. ಮೈಸೂರಿನ ಅಗ್ರಹಾರದಲ್ಲಿ ಬೆಳೆದ ಜಾನಕಿಯವರ ಒಳಗೆ ಏನೋ ಮುಖ ಸಿಂಡರಿಸಿತು. ಚೀಟಿ ಕೈಗೆ ಬಂದಾಗ ಆ ಸಿಂಡರಿಸಿದ ಮುಖವೇ ಬರೆಯಿತು. ಆಸ್ಪತ್ರೆಯ ಲ್ಯಾಬಿನಲ್ಲಿ ಮೂವತ್ತು ವರ್ಷ ದುಡಿದು ರಿಪೋರ್ಟಿನಲ್ಲಿ ಒಂದು ಸೊನ್ನೆಯನ್ನೂ ಆಚೀಚೆ ಮಾಡದ ಹೆಂಗಸು, ಮನೆಗೆ ಬಂದು ಐದು-ನಾಲ್ಕನ್ನು ಸರ್ವಾನುಮತ ಮಾಡಿದರು. ಅದು ಸಾಲದೆಂದು ‘ಸ್ವಇಚ್ಛೆಯಿಂದ’ ಅಂತಲೂ ಸೇರಿಸಿದರು. ರುದ್ರವ್ವನ ಮರ್ಯಾದೆ ಉಳಿಸಲು ಹಾಗೆ ಬರೆದೆ ಎಂದು ತಮಗೆ ತಾವೇ ಹೇಳಿಕೊಂಡಿದ್ದರು. ಉಳಿಸಿದ್ದು ಯಾರ ಮರ್ಯಾದೆಯನ್ನೆಂದು ಅವರಿಗೆ ಗೊತ್ತಿತ್ತು.

ಶುದ್ಧ ಕನ್ನಡದ ಮೇಷ್ಟ್ರು ನಾಲ್ಕು ತಿಂಗಳು ಬಂದು ನಿಲ್ಲಿಸಿದರು. ತರಗತಿ ಮುಚ್ಚಿತು. ಮಗಳ ಸಂಸಾರ ಸಿಡ್ನಿಯ ಕ್ವೇಕರ್ಸ್ ಹಿಲ್‌ಗೆ ಬಂದು ಈಗ ಜಾನಕಿಯವರ ಮನೆಯಿಂದ ನಾಲ್ಕು ಬೀದಿ ಆಚೆಗಿದೆ. ಹನ್ನೊಂದು ವರ್ಷದ ಮಾಯಾಳಿಗೆ ಶುಕ್ರವಾರ ಸಂಜೆ ಜಾನಕಿ, “ಬಿಸಿ ದೋಸೆ ಹಾಕ್ಲಾ ಪುಟ್ಟಿ?” ಅಂದರು. “ಐಮ್ ಗುಡ್, ಅಜ್ಜಿ,” ಎಂದು ಅವಳು ಫೋನಿನಿಂದ ತಲೆ ಎತ್ತಲಿಲ್ಲ. ಶುದ್ಧವೂ ಇಲ್ಲ, ಅಶುದ್ಧವೂ ಇಲ್ಲ.

ಅಂದು ಬಟ್ಟೆ ತುಂಬಿಕೊಳ್ಳುವಾಗ ಜಾನಕಿಯವರು ಬೀರುವಿನ ತಳದಿಂದ ಒಂದು ಹಳೆಯ ನೋಟ್‌ಬುಕ್ಕನ್ನೂ ತೆಗೆದು ನಡಾವಳಿ ಪುಸ್ತಕದ ಜೊತೆ ಕೈಚೀಲಕ್ಕೆ ಹಾಕಿದರು. ಸಭೆಯಲ್ಲಿ ಕೂತು ಗೀಚಿಕೊಂಡ ಕಚ್ಚಾ ಟಿಪ್ಪಣಿ. ಲ್ಯಾಬಿನ ಅಭ್ಯಾಸ ನೋಡಿ, ನಿಜವಾದ ಅಂಕಿಗಳನ್ನು ಎಸೆಯಲು ಕೈ ಬಂದಿರಲಿಲ್ಲ. ಗಂಡ ದಿವಾಕರರು ನೋಡಿ, “ಅದ್ಯಾಕೆ ಈಗ? ಓದಿ ಬಂದ್ಬಿಡು ಮಾರಾಯ್ತಿ, ಊರ ಉಸಾಬರಿ ಸಾಕು,” ಎಂದರು. ಅವರು ಹೇಳಿದ್ದೂ ಸರಿಯೇ.

ಶನಿವಾರ ಬೆಳಿಗ್ಗೆ ಮೆಲ್ಬರ್ನ್ ಏರ್‌ಪೋರ್ಟಿಗೆ ರುದ್ರವ್ವ ತಾನೇ ಕಾರು ತಂದಿದ್ದಳು. ಬ್ಯಾಗನ್ನು ಕಿತ್ತುಕೊಂಡು ಡಿಕ್ಕಿಗೆ ಹಾಕಿದಳು. ರಾತ್ರಿಗೆ ಬದನೆಕಾಯಿ ಎಣಗಾಯಿ ಮಾಡಲು ಎಲ್ಲ ಸಿದ್ಧ ಮಾಡಿಟ್ಟಿರುವುದಾಗಿ ಹೇಳಿದಳು. ಫ್ರೀವೇ ಸೇರಿದ ಮೇಲೆ ತಾನಾಗಿಯೇ ಮಾತು ತೆಗೆದಳು.

“ಫೋನಿನ್ಯಾಗ ಸಿಟ್ಟು ಮಾಡಿದೆ, ಮನಸ್ಸಿಗೆ ಹಚ್ಚಕೋಬ್ಯಾಡ್ರಿ ಅಕ್ಕಾರ. ಆಮ್ಯಾಲೆ ವಿಚಾರ ಮಾಡಿದೆ. ಆ ಹೃಷಿಕೇಶನs ನಿಮ್ಮ ಕೈಲೆ ಹಂಗ ಬರೆಸ್ಯಾನ. ನೀವು ಒಬ್ರs ಏನ್ ಮಾಡ್ತೀರಿ?”

ಜಾನಕಿ ಕಿಟಕಿಯ ಕಡೆ ನೋಡಿದರು.

“ನೀವಂತೂ ನನ್ನ ಕಡೆ ಹಾಕಿದ್ರಿ, ನಂಗ ಗೊತ್ತೈತಿ. ನಮ್ಮ ಕಡೆಯಾವನs ಕೈಕೊಟ್ಟ. ಆ ಐದನೇ ಚೀಟಿ ಶೇಖರಪ್ಪಂದು. ತನ್ನ ಮಗಳಿಗೆ ನಾ ಮಕ್ಕಳ ನಾಟಕದಾಗ ಪಾರ್ಟು ಕೊಡಲಿಲ್ಲಂತ ಸೇಡು. ಆಣಿ ಮಾಡಿ ಅಲ್ಲಂದ, ನಾ ನಂಬಲಿಲ್ಲ. ಆರು ವರ್ಷ ಆತು, ಅವ್ರ ಮನಿ ಹೊಸ್ತಿಲಾ ತುಳಿದಿಲ್ಲ.”

ಈಗಲೇ ಹೇಳಬಹುದಿತ್ತು. ಕಾರಿನಲ್ಲಿ ಇಬ್ಬರೇ ಇದ್ದರು. ಹೇಳಲು ಬಾಯಿ ತೆರೆದರು ಕೂಡ. “ಆ ಎಕ್ಸಿಟ್ ತಾನೆ?” ಅಂದುಬಿಟ್ಟರು. ಹೇಡಿತನಕ್ಕೆ ವಯಸ್ಸಾಗುವುದಿಲ್ಲ ಎಂದು ತಮ್ಮ ಮೇಲೆ ತಮಗೇ ಹೇಸಿಗೆಯಾಯಿತು.

ಟಾರ್ನೀಟ್‌ನ ಸಮುದಾಯ ಭವನದಲ್ಲಿ ನೂರೈವತ್ತರ ಹತ್ತಿರ ಜನ ಸೇರಿದ್ದರು. ಎಡಗಡೆ ಅನ್ನದವರು, ಬಲಗಡೆ ರೊಟ್ಟಿಯವರು, ನಡುವೆ ಓಡಾಡಲು ದಾರಿ. ಹಿಂದೆ ಬಿಸಿಬೇಳೆಬಾತಿನ ಪಾತ್ರೆ ಒಂದು ಮೇಜಿನ ಮೇಲೆ, ರೊಟ್ಟಿಯ ಬುಟ್ಟಿ ಇನ್ನೊಂದರ ಮೇಲೆ. ಹೃಷಿಕೇಶ್ ಒಂದೇ ಪಂಕ್ತಿಯ ಬಗ್ಗೆ ಮಾತಾಡಿದ. ಶೇಖರಪ್ಪ ಸ್ವಾಭಿಮಾನದ ಬಗ್ಗೆ ಮಾತಾಡಿದರು. ಅಷ್ಟರಲ್ಲಿ ಹನ್ನೆರಡೂವರೆ ಆಯಿತು, ಜನರ ಕಣ್ಣು ಪಾತ್ರೆಗಳ ಕಡೆ ಹೊರಳತೊಡಗಿದವು.

“ಈಗ ನಮ್ಮ ಜಾನಕಿ ಆಂಟಿ,” ಎಂದು ಹೃಷಿಕೇಶ್ ತಾನೇ ಮೈಕು ತಂದುಕೊಟ್ಟ.

ಜಾನಕಿ ಎದ್ದು ನಿಂತು ನಡಾವಳಿ ಪುಸ್ತಕ ತೆರೆದರು. ಬಲಗಡೆ ಎರಡನೇ ಸಾಲಿನಿಂದ ರುದ್ರವ್ವ ಅವರನ್ನೇ ನೋಡುತ್ತ ಧೈರ್ಯ ಕೊಡುವವಳಂತೆ ತಲೆ ಆಡಿಸಿದಳು. ಆ ತಲೆ ಆಡಿಸುವಿಕೆಯನ್ನು ಅವರಿಂದ ಸಹಿಸಲಾಗಲಿಲ್ಲ.

“ಪ್ರಶ್ನೆ ಇಷ್ಟೇ. ಅಭ್ಯರ್ಥಿಯ ದಾಖಲೆ ಅವರ ಭರವಸೆಗೆ ಹೊಂದುತ್ತಾ? ಹೊಂದುತ್ತೆ. ಹದಿನೇಳಕ್ಕೆ ಹದಿನೇಳೂ ಸರ್ವಾನುಮತ ಅಂತಲೇ ಇದೆ.” ಎಡಗಡೆ ಚಪ್ಪಾಳೆ ಬಿತ್ತು. ಅದು ನಿಲ್ಲುವವರೆಗೆ ಕಾದರು. “ಆದ್ರೆ ದಾಖಲೆ ಸುಳ್ಳು. ಬರೆದವಳು ನಾನು.”

ಕೈಚೀಲದಿಂದ ಕಚ್ಚಾ ನೋಟ್‌ಬುಕ್ ತೆಗೆದು ಓದಿದರು. ಹದಿನೇಳರಲ್ಲಿ ಹದಿನಾರು ಬರೀ ಒಂದು-ಎರಡು ಮತದ ಅಂತರದಲ್ಲಿ ಗೆದ್ದದ್ದು. ಹೃಷಿಕೇಶ್ ಒಮ್ಮೆಯೂ ಆಚೆ ಕಡೆಯವರ ಮಾತಿಗೆ ಒಪ್ಪಿದ್ದಿಲ್ಲ. ಬಲಗಡೆಯವರು ಹೋ ಎಂದರು. “ಕೂಗಬೇಡಿ, ಶೇಖರಪ್ಪನವರ ಲೆಕ್ಕವೂ ನೋಡಿದ್ದೀನಿ. ಅವರೂ ಒಪ್ಪಿದ್ದಿಲ್ಲ. ಈ ಒಕ್ಕೂಟದಲ್ಲಿ ನಿಜವಾಗಿ ಸರ್ವಾನುಮತ ಆಗಿದ್ದು ಒಂದೇ. ಆ ಹದಿನೇಳನೆಯದು, ಈ ಮೈಕು ಕೊಂಡಿದ್ದು.”

ಕೆಲವರು ನಕ್ಕರು. ಜಾನಕಿ ನೋಟ್‌ಬುಕ್ಕಿನ ಇನ್ನೊಂದು ಪುಟ ತಿರುವಿದರು.

“ಇನ್ನೊಂದಿದೆ. ಕರಪತ್ರದ ಮೂರನೇ ಫೋಟೋ. ರುದ್ರವ್ವ ಸ್ವಇಚ್ಛೆಯಿಂದ ಬಿಡಲಿಲ್ಲ. ಹತ್ತು ನಿಮಿಷ ಎದ್ದು ನಿಂತು ಬೇಡ ಅಂದ್ರು. ನಾವು ಕಳಿಸಿದ್ವಿ, ಐದು-ನಾಲ್ಕರಲ್ಲಿ. ಹಾಗೆ ಬರಿ ಅಂತ ನಂಗೆ ಯಾರೂ ಹೇಳ್ಲಿಲ್ಲ, ಹೃಷಿನೂ ಹೇಳ್ಲಿಲ್ಲ. ಐದನೇ ಚೀಟಿ ಶೇಖರಪ್ಪನವರದ್ದು ಅಂತ ಕೆಲವರು ತಿಳಿದಿದ್ದಾರೆ. ಅವರದಲ್ಲ, ನನ್ನದು.”

ಹೇಳಿ ಕೂತರು. ರುದ್ರವ್ವನ ಕಡೆ ನೋಡುವ ಧೈರ್ಯ ಬರಲಿಲ್ಲ.

ಭವನ ಏನೂ ನಡುಗಲಿಲ್ಲ. ಹೃಷಿಕೇಶ್ ಮೈಕು ತೆಗೆದುಕೊಂಡು, “ಆಂಟಿಯ ಪ್ರಾಮಾಣಿಕತೆಗೆ ದೊಡ್ಡ ಚಪ್ಪಾಳೆ! ಹಳೇದೆಲ್ಲ ಮರೆತು ಒಂದಾಗೋಣ,” ಎಂದ. ಜನ ಚಪ್ಪಾಳೆಯನ್ನೂ ತಟ್ಟಿದರು. ಮತ ಎಣಿಸಿದಾಗ ಹೃಷಿಕೇಶ್‌ಗೆ ಎಪ್ಪತ್ತನಾಲ್ಕು, ಶೇಖರಪ್ಪನವರಿಗೆ ಅರವತ್ತೆಂಟು. ಎಡಗಡೆ ಕೂತವರು ಎಷ್ಟೋ ಅಷ್ಟು, ಬಲಗಡೆ ಕೂತವರು ಎಷ್ಟೋ ಅಷ್ಟು. ಊಟಕ್ಕೆ ಏಳುವ ಗದ್ದಲದಲ್ಲಿ ಹೊಸ ಅಧ್ಯಕ್ಷ ಜಾನಕಿಯವರ ಪಕ್ಕಕ್ಕೆ ಬಂದು ಬಗ್ಗಿದ. “ಆಂಟಿ, ಒಗ್ಗಟ್ಟಿನ ದೃಷ್ಟಿಯಿಂದ ಪುಸ್ತಕದಲ್ಲಿ ಸರ್ವಾನುಮತದ ಆಯ್ಕೆ ಅಂತ ಹಾಕಿಬಿಡಿ. ಶೇಖರಪ್ಪ ಅಂಕಲ್ ಕೂಡ ಒಪ್ಪಿದ್ದಾರೆ.”

ಜಾನಕಿ ಎಪ್ಪತ್ತನಾಲ್ಕು-ಅರವತ್ತೆಂಟು ಎಂದು ಬರೆದು, ಸಹಿ ಹಾಕಿ, ಪುಸ್ತಕವನ್ನು ಅವನ ಕೈಗೆ ಕೊಟ್ಟರು.

ರೊಟ್ಟಿಯ ಮೇಜಿನ ಬಳಿ ರುದ್ರವ್ವ ಶೇಖರಪ್ಪನವರ ಎದುರಿಗೆ ನಿಂತಿದ್ದಳು. ಏನು ಹೇಳಿದಳೋ ಇಲ್ಲಿಗೆ ಕೇಳಿಸಲಿಲ್ಲ. ಶೇಖರಪ್ಪ ತಮ್ಮ ತಟ್ಟೆಯನ್ನೇ ಅವಳ ಕೈಗಿತ್ತು, ಇನ್ನೊಂದು ತಟ್ಟೆ ತೆಗೆದುಕೊಂಡದ್ದು ಕಂಡಿತು. ಜಾನಕಿ ಊಟ ಮಾಡಲಿಲ್ಲ.

ಎರಡು ಗಂಟೆಗೆ ರುದ್ರವ್ವ ಕಾರಿನ ಕೀ ಹಿಡಿದು ಬಂದಳು. “ಬ್ಯಾಗ್ ನನ್ನ ಕಾರಿನ್ಯಾಗ ಐತಿ. ಸ್ಟೇಷನ್ ತನಕ ಬಿಡ್ತೀನಿ,” ಎಂದಳು. ಮನೆಗೆ ಅನ್ನಲಿಲ್ಲ. ಜಾನಕಿಯೂ ಕೇಳಲಿಲ್ಲ, ದಾರಿಯಲ್ಲಿ ದಿವಾಕರರಿಗೆ ಸಂಜೆಯ ಫ್ಲೈಟು ಬುಕ್ ಮಾಡಲು ಮೆಸೇಜ್ ಹಾಕಿದರು.

ಸ್ಟೇಷನ್ ಮುಂದೆ ಕಾರು ನಿಲ್ಲಿಸಿ ರುದ್ರವ್ವ ಸ್ಟೀರಿಂಗ್ ಬಿಡದೆ ಕೂತಳು.

“ಅವತ್ತ ಚೀಟಿ ಇರಲಾರದ, ಕೈ ಎತ್ರಿ ಅಂದಿದ್ರ ಯಾ ಕಡೆ ಎತ್ತತಿದ್ರಿ?”

“ನಿಮ್ಮ ಕಡೆ.”

“ಖರೇನ?”

“ನಿಜ. ನೀವು ಎದುರಿಗೇ ಕೂತಿದ್ರಲ್ಲ.”

ರುದ್ರವ್ವ ನಿಧಾನವಾಗಿ ತಲೆ ಆಡಿಸಿದಳು. “ಹಂಗಾದ್ರ ಮಾರಿ ಕಂಡ್ರ ಅಕ್ಕ, ಚೀಟಿ ಸಿಕ್ರ ಮೈಸೂರು,” ಎಂದಳು. ಸಿಟ್ಟಿನಿಂದ ಹೇಳಲಿಲ್ಲ, ದಣಿದವಳ ಹಾಗೆ ಹೇಳಿದಳು. ತಪ್ಪಾಯಿತು ಎನ್ನಬೇಕೆಂದುಕೊಂಡರು ಜಾನಕಿ, ಆರು ವರ್ಷ ತಡವಾದ ಆ ಮಾತಿಗೆ ಹೊರಬರಲು ನಾಚಿಕೆ.

ರುದ್ರವ್ವ ಇಳಿದು, ಡಿಕ್ಕಿ ತೆಗೆದು, ಬ್ಯಾಗನ್ನು ಎತ್ತಿ ಅವರ ಕೈಗೆ ಕೊಟ್ಟಳು. ಮಂಡಿ ನೋವಿರುವವರಿಗೆ ಭಾರವಾಗದಂತೆ ಹಿಡಿಕೆಯನ್ನು ತಿರುಗಿಸಿಯೇ ಕೊಟ್ಟಳು.

“ಟ್ರೇನು ಬರೂ ಹೊತ್ತಾತು,” ಎಂದಳು. “ನಡೀರಿ, ಜಾನಕಿಯವರ.”

ಹನ್ನೊಂದು ವರ್ಷದಲ್ಲಿ ಅವಳು ಅವರನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು.